ಜಪಾನಿ ವ್ಯವಹಾರದ ಮಾತು: ಐನೂರು ವಾಕ್ಯ ಬಾಯಿಪಾಠವಾದರೂ ಮುಜುಗರ ಏಕೆ?

ಪ್ರಶ್ನೆ: ಮೇಡಂ, ನಾನು ತುಮಕೂರಿನವನು, ವಯಸ್ಸು 29. ವಾಹನಗಳ ಬಿಡಿಭಾಗ ತಯಾರಿಸುವ ಕಂಪನಿಯೊಂದರ ಗುಣಮಟ್ಟ ವಿಭಾಗದಲ್ಲಿ ಎಂಜಿನಿಯರ್ ಆಗಿದ್ದೇನೆ. ಎರಡು ವರ್ಷ ಸಂಜೆ ತರಗತಿಗೆ ಹೋಗಿ ಜಪಾನಿ ಕಲಿತು, ಜಪಾನಿ ಭಾಷಾ ಸಾಮರ್ಥ್ಯದ ಪರೀಕ್ಷೆಯಾದ ಜೆಎಲ್‌ಪಿಟಿಯಲ್ಲಿ ನಡುವಿನ ಹಂತವಾದ ಎನ್3 ಪಾಸಾಗಿದ್ದೇನೆ. ಇನ್ನು ನಾಲ್ಕು ತಿಂಗಳಿಗೆ ನಗೋಯಾದಲ್ಲಿರುವ ನಮ್ಮ ಗ್ರಾಹಕ ಕಂಪನಿಯ ಜೊತೆ ಕೆಲಸ ಮಾಡಲು ಎರಡು ವರ್ಷದ ಮಟ್ಟಿಗೆ ಜಪಾನಿಗೆ ಹೋಗಬೇಕಿದೆ. ಅದಕ್ಕಾಗಿ ವ್ಯವಹಾರದ ಜಪಾನಿ ವಾಕ್ಯಗಳ ಪಟ್ಟಿಯೊಂದನ್ನು ಹಿಡಿದು ಸುಮಾರು ಐನೂರು ವಾಕ್ಯ ಬಾಯಿಪಾಠ ಮಾಡಿದೆ. ಆದರೂ ಈಚೆಗೆ ಮೂರು ಸಲ ಮುಜುಗರವಾಯಿತು. ಗ್ರಾಹಕ ಕಂಪನಿಯ ವಿಭಾಗ ಮುಖ್ಯಸ್ಥರು ವರದಿ ಕೇಳಿದಾಗ ‘ರ‍್ಯೋಕಾಯ್ ಶಿಮಶಿತ’ ಎಂದೆ. ಅದು ಮೇಲಿನವರಿಗೆ ಹೇಳುವ ಮಾತಲ್ಲ ಎಂದು ನಮ್ಮಲ್ಲೇ ಇರುವ ಜಪಾನಿ ಸಹೋದ್ಯೋಗಿ ಆಮೇಲೆ ತಿಳಿಸಿದರು. ಇನ್ನೊಮ್ಮೆ ಆ ವಿಭಾಗ ಮುಖ್ಯಸ್ಥರು ಫೋನ್ ಮಾಡಿ ನಮ್ಮ ಮ್ಯಾನೇಜರನ್ನು ಕೇಳಿದಾಗ, ಅತಿ ಗೌರವದ ಕ್ರಿಯಾಪದವನ್ನೇ ಆರಿಸಿ ‘ಮೂರ್ತಿ-ಸನ್ ವ ಇರಶ್ಶಾಯ್ಮಸೆನ್’, ಅಂದರೆ ಮೂರ್ತಿಯವರು ಇಲ್ಲ, ಎಂದೆ. ಅದೂ ತಪ್ಪಂತೆ. ಮೂರನೆಯದು ಹೊಸ ಭಾಗವೊಂದರ ದರಪಟ್ಟಿಯ ವಿಷಯ. ಸಭೆಯಲ್ಲಿ ಅವರು ‘ಕೆನ್ತೋ ಶಿಮಸ್’, ಅಂದರೆ ಪರಿಶೀಲಿಸುತ್ತೇವೆ, ಎಂದರು. ಆರ್ಡರ್ ಬಹುತೇಕ ಖಚಿತ ಎಂದು ನಾನು ಮ್ಯಾನೇಜರಿಗೆ ಹೇಳಿಬಿಟ್ಟೆ. ಆರು ವಾರ ಕಳೆದರೂ ಸುದ್ದಿಯಿಲ್ಲ. ಅನಿಮೆ, ಅಂದರೆ ಜಪಾನಿ ಕಾರ್ಟೂನ್ ಚಿತ್ರಗಳನ್ನು ನೋಡು, ಮಾತು ತಾನೇ ಬರುತ್ತದೆ ಎಂದು ಒಬ್ಬ ಸ್ನೇಹಿತ ಹೇಳುತ್ತಾನೆ. ಜಪಾನಿಯರು ‘ಇಲ್ಲ’ ಎನ್ನುವುದೇ ಇಲ್ಲ, ಅವರ ಮಾತು ನಂಬಬೇಡ, ಇಂಗ್ಲಿಷಿನಲ್ಲೇ ವ್ಯವಹರಿಸು ಎಂದು ಇನ್ನೊಬ್ಬರು ಹೇಳುತ್ತಾರೆ. ಇನ್ನೂ ಐನೂರು ವಾಕ್ಯ ಕಲಿಯಲೇ, ಇದನ್ನೆಲ್ಲ ಬಿಟ್ಟುಬಿಡಲೇ?

ಉತ್ತರ: ನಿಮ್ಮ ಪತ್ರದ ಮೂರು ಪ್ರಸಂಗಗಳನ್ನೂ ನೀವು ಒಂದೇ ತಪ್ಪೆಂದು, ಅಂದರೆ ಸಾಕಷ್ಟು ವಾಕ್ಯ ಗೊತ್ತಿಲ್ಲದ ತಪ್ಪೆಂದು ಭಾವಿಸಿದ್ದೀರಿ. ಇಪ್ಪತ್ತು ವರ್ಷಗಳಿಂದ ಜಪಾನಿ ಕಲಿಸುತ್ತ, ಕಾರ್ಖಾನೆಗಳ ಸಭೆಗಳಲ್ಲಿ ದುಭಾಷಿಯಾಗಿ ಕೂರುತ್ತ ಬಂದ ನನಗೆ ಅವು ಮೂರು ಬೇರೆ ಬೇರೆ ಸಂಗತಿಗಳಾಗಿ ಕಾಣುತ್ತವೆ. ಮೊದಲನೆಯದು ತೀರ ಸಣ್ಣದು. ಎರಡನೆಯದು ವ್ಯಾಕರಣದ್ದು, ಕನ್ನಡಿಗರೆಲ್ಲರೂ ಎಡವುವ ಜಾಗ ಅದು. ಮೂರನೆಯದು ಭಾಷೆಯ ತಪ್ಪೇ ಅಲ್ಲ, ಕೇಳಿಸಿಕೊಳ್ಳುವುದರಲ್ಲಿ ಆದ ತಪ್ಪು. ನಷ್ಟವಾಗುವುದು ಆ ಮೂರನೆಯದರಿಂದ, ಆದ್ದರಿಂದ ನಿಮ್ಮ ನಾಲ್ಕು ತಿಂಗಳಲ್ಲಿ ಹೆಚ್ಚಿನ ಪಾಲು ಅದಕ್ಕೇ ಸಲ್ಲಬೇಕು.

ಸಣ್ಣದನ್ನು ಮೊದಲು ಮುಗಿಸುತ್ತೇನೆ. ‘ರ‍್ಯೋಕಾಯ್ ಶಿಮಶಿತ’ ಎಂದರೆ ‘ಅರ್ಥವಾಯಿತು, ಒಪ್ಪಿದೆ’ ಎಂದು. ಆ ಪದದಲ್ಲಿ ಅಗೌರವದ ಅರ್ಥವೇನೂ ಇಲ್ಲ, ಅದು ನಿಜಕ್ಕೂ ಒರಟೇ ಎಂಬುದರ ಬಗ್ಗೆ ಜಪಾನಿಯರಲ್ಲಿಯೇ ವಾದವಿದೆ. ಆದರೆ ಕಚೇರಿ ಶಿಷ್ಟಾಚಾರದ ಪುಸ್ತಕಗಳು ಅದನ್ನು ಗ್ರಾಹಕರಿಗೆ, ಮೇಲಧಿಕಾರಿಗಳಿಗೆ ಬಳಸಬಾರದೆಂದು ಹೇಳುತ್ತ ಬಂದಿರುವುದರಿಂದ ಹಲವರ ಕಿವಿಗೆ ಅದು ಚುಚ್ಚುತ್ತದೆ. ಹೀಗಿರುವಾಗ ವಾದದಲ್ಲಿ ನೀವು ಪಕ್ಷ ವಹಿಸುವ ಅಗತ್ಯವಿಲ್ಲ. ‘ಶೋಚಿ ಇತಶಿಮಶಿತ’ ಎನ್ನಿ, ಯಾರಿಗೂ ಆಕ್ಷೇಪವಿರುವುದಿಲ್ಲ. ‘ಗೊಕುರೋಸಮ’ ಎಂಬ ಮಾತೂ ಇದೇ ಜಾತಿಯದು. ‘ಶ್ರಮಪಟ್ಟಿರಿ’ ಎಂಬ ಅರ್ಥದ ಈ ಮಾತನ್ನು ಮೇಲಿನವರು ಕೆಳಗಿನವರಿಗೆ ಹೇಳುವುದು ರೂಢಿ. ಕಚೇರಿಯೊಳಗೆ ಎಲ್ಲರಿಗೂ ಸಲ್ಲುವುದು ‘ಒತ್ಸುಕರೆಸಮ ದೆಸ್’, ಹೊರಗಿನ ಗ್ರಾಹಕರಿಗೆ ಸಲ್ಲುವುದು ‘ಒಸೆವ ನಿ ನತ್ತೆ ಒರಿಮಸ್’. ಇಂಥ ಜೋಡಿಗಳು ಹತ್ತೋ ಹನ್ನೆರಡೋ ಇವೆ, ಒಂದು ಭಾನುವಾರದಲ್ಲಿ ಕಲಿತು ಮುಗಿಸಬಹುದು.

ಈಗ ಫೋನಿನ ಪ್ರಸಂಗ. ನಿಮ್ಮ ವಾಕ್ಯದಲ್ಲಿ ವ್ಯಾಕರಣ ಕೆಟ್ಟಿಲ್ಲ, ಗೌರವದಲ್ಲಿ ಕೊರತೆಯೂ ಇಲ್ಲ. ಗೌರವ ತಪ್ಪು ದಿಕ್ಕಿಗೆ ಹರಿದಿದೆ. ಕನ್ನಡದಲ್ಲಿ ನಮ್ಮ ಹಿರಿಯರು ಯಾರ ಮುಂದೆಯೂ ಹಿರಿಯರೇ. ಹೊರಗಿನಿಂದ ಎಂಥ ದೊಡ್ಡ ಮನುಷ್ಯ ಫೋನ್ ಮಾಡಿದರೂ ‘ನಮ್ಮ ಸಾಹೇಬರು ಹೊರಗೆ ಹೋಗಿದ್ದಾರೆ’ ಎನ್ನುತ್ತೇವೆಯೇ ಹೊರತು ‘ಮೂರ್ತಿ ಹೊರಗೆ ಹೋಗಿದ್ದಾನೆ’ ಎನ್ನುವುದಿಲ್ಲ. ಹಾಗೆಂದರೆ ಕೇಳಿದವರೇ ಗಾಬರಿಯಾದಾರು. ಜಪಾನಿಯಲ್ಲಿ ಗೌರವ ವ್ಯಕ್ತಿಗೆ ಅಂಟಿಕೊಂಡಿರುವುದಿಲ್ಲ, ಯಾರು ಯಾರೊಡನೆ ಮಾತನಾಡುತ್ತಿದ್ದಾರೆ ಎಂಬುದರ ಮೇಲೆ ಅದು ಸ್ಥಾನ ಬದಲಿಸುತ್ತದೆ. ‘ಉಚಿ’ ಎಂದರೆ ಒಳಗು, ‘ಸೊತೊ’ ಎಂದರೆ ಹೊರಗು. ಕಚೇರಿಯೊಳಗೆ ನೀವು ಮೂರ್ತಿಯವರಿಗೆ ತಲೆಬಾಗಬೇಕು. ಆದರೆ ಗ್ರಾಹಕರ ಫೋನ್ ಬಂದ ಕ್ಷಣದಲ್ಲಿ ನೀವೂ ಮೂರ್ತಿಯವರೂ ನಿಮ್ಮ ಇಡೀ ಕಂಪನಿಯೂ ಒಂದೇ ‘ಒಳಗು’ ಆಗಿಬಿಡುತ್ತೀರಿ, ಗ್ರಾಹಕರು ‘ಹೊರಗು’ ಆಗುತ್ತಾರೆ. ಹೊರಗಿನವರ ಮುಂದೆ ಒಳಗಿನವರನ್ನು ಎತ್ತಿ ಹೇಳಿದರೆ ತನ್ನನ್ನು ತಾನೇ ಹೊಗಳಿಕೊಂಡಂತೆ. ಆದ್ದರಿಂದ ಹೆಸರಿಗೆ ಗೌರವ ಸೇರಿಸುವ ‘ಸನ್’ ಕಳಚಿ, ಕ್ರಿಯಾಪದವನ್ನು ಇಳಿಸಿ, ‘ಮೂರ್ತಿ ವ ತದಾಯ್ಮ ಸೆಕಿ ಒ ಹಜುಶಿತೆ ಒರಿಮಸ್’, ಅಂದರೆ ‘ಮೂರ್ತಿ ಸದ್ಯ ತಮ್ಮ ಜಾಗದಲ್ಲಿಲ್ಲ’ ಎನ್ನಬೇಕು. ಕನ್ನಡಕ್ಕೆ ತರುವಾಗ ‘ತಮ್ಮ’ ಎಂಬ ಪದ ನನ್ನ ಕೈಯಿಂದ ಎಷ್ಟು ಸಹಜವಾಗಿ ಬಂತು ನೋಡಿ. ಜಪಾನಿ ವಾಕ್ಯದಲ್ಲಿ ಅದಕ್ಕೆ ಎಡೆಯೇ ಇಲ್ಲ.

ಹಾಗೆಂದು ಕೇಗೊ, ಅಂದರೆ ಜಪಾನಿ ಗೌರವಭಾಷೆ, ಕನ್ನಡಿಗರಿಗೆ ಪೂರ್ತಿ ಅಪರಿಚಿತವೇನಲ್ಲ. ಅದರ ಎರಡು ಮುಖ್ಯ ಬಗೆಗಳನ್ನು ಗಮನಿಸಿ. ‘ಸೊನ್ಕೇಗೊ’ ಎದುರಿನವರ ಕ್ರಿಯೆಯನ್ನು ಮೇಲಕ್ಕೆತ್ತುತ್ತದೆ, ‘ಕೆನ್ಜೋಗೊ’ ನಮ್ಮ ಕ್ರಿಯೆಯನ್ನು ತಗ್ಗಿಸಿ ಹೇಳುತ್ತದೆ. ‘ಹೇಳು’ ಎಂಬುದಕ್ಕೆ ಮೊದಲನೆಯದರಲ್ಲಿ ‘ಒಶ್ಶರು’, ಎರಡನೆಯದರಲ್ಲಿ ‘ಮೋಶಿಅಗೆರು’ ಎಂಬ ಬೇರೆ ಬೇರೆ ಕ್ರಿಯಾಪದಗಳಿವೆ. ನಮ್ಮ ಮಠ, ಅರಮನೆಗಳ ಕನ್ನಡವನ್ನು ನೆನೆಯಿರಿ. ಸ್ವಾಮಿಗಳು ‘ಅಪ್ಪಣೆ ಕೊಡಿಸುತ್ತಾರೆ’, ಭಕ್ತರು ‘ಅರಿಕೆ ಮಾಡಿಕೊಳ್ಳುತ್ತಾರೆ’. ಇಬ್ಬರೂ ಮಾಡುವುದು ಹೇಳುವ ಕೆಲಸವನ್ನೇ. ‘ಸ್ವಾಮಿಗಳು ಅರಿಕೆ ಮಾಡಿಕೊಂಡರು, ನಾನು ಅಪ್ಪಣೆ ಕೊಡಿಸಿದೆ’ ಎಂದು ಯಾರಾದರೂ ಹೇಳಿದರೆ ಹೇಗೆ ಕೇಳಿಸುತ್ತದೋ, ಈ ಎರಡು ಕ್ರಿಯಾಪದಗಳು ಅದಲುಬದಲಾದಾಗ ಜಪಾನಿಯರಿಗೂ ಹಾಗೆಯೇ ಕೇಳಿಸುತ್ತದೆ. ನಮ್ಮಲ್ಲಿ ಈ ಮಾತುಗಳು ಮಠದ ಅಂಗಳಕ್ಕೆ, ಹಳೆಯ ಪತ್ರಗಳಿಗೆ ಸರಿದಿವೆ. ಅವರಲ್ಲಿ ದಿನದ ಇ-ಮೇಲ್‌ನಲ್ಲೇ ಬದುಕಿವೆ, ವ್ಯತ್ಯಾಸ ಅಷ್ಟೇ.

ಇದಕ್ಕಿಂತ ಆಳದ ಕಾರಣವೊಂದಿದೆ, ಪಾಠಪಟ್ಟಿಗಳು ಅದನ್ನು ಹೇಳುವುದು ಕಡಿಮೆ. ಕನ್ನಡದಲ್ಲಿ ‘ಹೇಳಿದೆ’ ಎಂದರೆ ನಾನು, ‘ಹೇಳಿದಿರಿ’ ಎಂದರೆ ನೀವು. ಕರ್ತೃಪದವನ್ನು ಬಿಟ್ಟರೂ ಕ್ರಿಯಾಪದದ ಬಾಲವೇ ಅದನ್ನು ತಿಳಿಸುತ್ತದೆ. ಜಪಾನಿಯರೂ ಕರ್ತೃಪದವನ್ನು ನಮ್ಮಂತೆಯೇ ಬಿಡುತ್ತಾರೆ, ಆದರೆ ಅವರ ಕ್ರಿಯಾಪದಕ್ಕೆ ಅಂಥ ಬಾಲವಿಲ್ಲ. ವ್ಯವಹಾರದ ಭಾಷೆಯಲ್ಲಿ ಆ ಕೊರತೆಯನ್ನು ಬಹುಮಟ್ಟಿಗೆ ತುಂಬುವುದು ಕೇಗೊ. ‘ಒಶ್ಶಾಯ್ಮಶಿತ’ ಎಂದರೆ ಹೇಳಿದವರು ನೀವು, ‘ಮೋಶಿಅಗೆಮಶಿತ’ ಎಂದರೆ ಹೇಳಿದವನು ನಾನು. ಆದ್ದರಿಂದ ಅದು ವಾಕ್ಯದ ಮೇಲೆ ಹೊದಿಸಿದ ಜರತಾರಿ ಅಲ್ಲ, ಯಾರು ಯಾರಿಗಾಗಿ ಏನು ಮಾಡಿದರು ಎಂದು ತೋರಿಸುವ ಕೆಲಸದ ಭಾಗ. ಬಾಯಿಪಾಠದ ವಾಕ್ಯದಲ್ಲಿ ಒಂದು ಕ್ರಿಯಾಪದ ಬದಲಾದರೆ ವರದಿ ಕಳುಹಿಸಬೇಕಾದವರು ನೀವೋ ಅವರೋ ಎಂಬುದೇ ಬದಲಾಗಬಹುದು.

ಇಷ್ಟೆಲ್ಲ ಓದಿ ಎದೆಗುಂದಬೇಡಿ. ಕೇಗೊ ಜಪಾನಿಯರಿಗೂ ಹುಟ್ಟಿನಿಂದ ಬರುವುದಿಲ್ಲ. ಏಪ್ರಿಲ್‌ನಲ್ಲಿ ಕೆಲಸಕ್ಕೆ ಸೇರುವ ಹೊಸಬರಿಗೆ ಕಂಪನಿಗಳು ನೀಡುವ ತರಬೇತಿಯಲ್ಲಿ ಫೋನ್ ಎತ್ತುವುದು, ವಿಸಿಟಿಂಗ್ ಕಾರ್ಡ್ ಕೊಡುವುದು, ಗೌರವದ ಕ್ರಿಯಾಪದ ಬಳಸುವುದು ಎಲ್ಲವೂ ಸೇರಿರುತ್ತವೆ. ಸರ್ಕಾರದ ಮಟ್ಟದಲ್ಲಿಯೂ ಇದರ ಬಗ್ಗೆ ಮತ್ತೆ ಮತ್ತೆ ಚಿಂತನೆ ನಡೆದಿದೆ. ಯುದ್ಧಾನಂತರ, 1952ರಲ್ಲಿ, ಅಲ್ಲಿನ ರಾಷ್ಟ್ರೀಯ ಭಾಷಾ ಮಂಡಳಿಯು ಇನ್ನು ಮುಂದಿನ ಗೌರವಭಾಷೆ ಮೇಲು-ಕೀಳಿನ ಮೇಲೆ ನಿಲ್ಲದೆ ಪರಸ್ಪರ ಗೌರವದ ಮೇಲೆ ನಿಲ್ಲಬೇಕು, ಸರಳವಾಗಬೇಕು ಎಂದು ಶಿಫಾರಸು ಮಾಡಿ, ವಾಕ್ಯದ ಕೊನೆಗೆ ‘ದೆಸ್’ ಅಥವಾ ‘ಮಸ್’ ಬರುವ ಸಾಮಾನ್ಯ ಸೌಜನ್ಯದ ‘ದೆಸ್-ಮಸ್’ ರೂಪವನ್ನು ಸಾಮಾನ್ಯ ಸಂಭಾಷಣೆಯ ಬುನಾದಿಯಾಗಿ ಇರಿಸಿತು. 2007ರ ಫೆಬ್ರುವರಿಯಲ್ಲಿ ಸಾಂಸ್ಕೃತಿಕ ಮಂಡಳಿ ಹೊರತಂದ ಮಾರ್ಗಸೂಚಿಯು ಅದುವರೆಗೆ ಮೂರು ಎಂದು ಕಲಿಸುತ್ತಿದ್ದ ಬಗೆಗಳನ್ನು ಐದಾಗಿ ವಿಂಗಡಿಸಿತು. ‘ಸಸೆತೆ ಇತದಕು’, ಅಂದರೆ ‘ತಮ್ಮ ಅನುಮತಿಯಿಂದ ಮಾಡುವ ಅವಕಾಶ ಪಡೆಯುತ್ತೇನೆ’ ಎಂಬ ಪ್ರಯೋಗವನ್ನೂ ಅದು ವಿವರಿಸಿತು. ಎದುರಿನವರ ಅನುಮತಿ ಮತ್ತು ಅದರಿಂದ ನಮಗೆ ದೊರೆಯುವ ಉಪಕಾರ, ಇವೆರಡೂ ಇರುವ ಕಡೆ ಅದು ಸಹಜ ಎಂದು ಅದರ ತಾತ್ಪರ್ಯ. ಆದರೂ ಇಂದಿಗೂ ಜಪಾನಿಯರು ಅದನ್ನು ಎಲ್ಲೆಂದರಲ್ಲಿ ಸೇರಿಸುತ್ತಾರೆ. ಆಡುವವರೇ ತಡಕಾಡುವ ಕಡೆ ನಾವು ತಡಕಾಡಿದರೆ ಅದು ಅಪರಾಧವಲ್ಲ.

ಹೊರದೇಶದವರಿಗೆ ಪೂರ್ತಿ ವಿನಾಯಿತಿ ಇದೆ ಎಂಬ ಮಾತನ್ನು ಮಾತ್ರ ಅರ್ಧ ನಂಬಿ. ತೊದಲುವವರಿಗೆ ವಿನಾಯಿತಿ ಧಾರಾಳವಾಗಿ ಸಿಗುತ್ತದೆ, ಆದರೆ ಮಾತು ನಿರರ್ಗಳವಾದಷ್ಟೂ ಅದು ಕಡಿಮೆಯಾಗುತ್ತದೆ. ಬಾಯಿಪಾಠದ ಒಂದು ಅಪಾಯ ಇಲ್ಲಿದೆ. ನಿಮ್ಮ ಮೊದಲ ವಾಕ್ಯ ಅಷ್ಟು ಸೊಗಸಾಗಿದ್ದರೆ ಎದುರಿನವರು ಅದೇ ವೇಗದಲ್ಲಿ, ಅದೇ ಎತ್ತರದಲ್ಲಿ ಉತ್ತರಿಸುತ್ತಾರೆ. ಆ ಉತ್ತರ ನಿಮ್ಮ ಎನ್3ರ ಅಳತೆಗೆ ಸಿಗುವುದಿಲ್ಲ. ಆದರೂ ನೀವು ‘ಹಾಯ್’, ಅಂದರೆ ‘ಹೌದು’, ಎನ್ನುತ್ತ ತಲೆಯಾಡಿಸುತ್ತೀರಿ, ಅವರು ನಿಮಗೆ ಅರ್ಥವಾಯಿತೆಂದು ಮುಂದೆ ಸಾಗುತ್ತಾರೆ. ಜೆಎಲ್‌ಪಿಟಿಯಲ್ಲಿ ಮಾತನಾಡುವ ಪರೀಕ್ಷೆ ಇಲ್ಲದಿರುವುದರಿಂದ ಪ್ರಮಾಣಪತ್ರವೂ ಈ ಅಂತರವನ್ನು ತೋರಿಸುವುದಿಲ್ಲ.

ಅನಿಮೆಯ ಬಗ್ಗೆ ಎರಡೇ ಮಾತು. ಕಿವಿ ಪಳಗಲು ಅದು ಒಳ್ಳೆಯದು, ಬಾಯಿಗೆ ಮಾದರಿಯಾಗಿ ಒಳ್ಳೆಯದಲ್ಲ. ಕಥೆಯ ಪಾತ್ರಗಳಿಗೆಂದೇ ಮೀಸಲಾದ ಮಾತಿನ ಶೈಲಿಯನ್ನು ಭಾಷಾವಿಜ್ಞಾನಿ ಕಿನ್ಸುಯಿ ಸತೊಶಿ ‘ಯಕುವರಿಗೊ’, ಅಂದರೆ ಪಾತ್ರಭಾಷೆ ಎಂದು ಕರೆದಿದ್ದಾರೆ. ಮುದುಕ ವಿಜ್ಞಾನಿ, ಪುಂಡ ಹುಡುಗ, ರಾಜಕುಮಾರಿ, ಪ್ರತಿಯೊಬ್ಬರಿಗೂ ಒಂದೊಂದು ಬಗೆಯ ಮಾತು. ‘ಒರೆ’, ‘ಒಮಾಯೆ’, ‘ಕಿಸಮ’ ಎಂಬ ಸರ್ವನಾಮಗಳನ್ನು ಅಲ್ಲಿಂದ ಹೊತ್ತು ಸಭೆಗೆ ಹೋಗುವುದು, ಪೌರಾಣಿಕ ನಾಟಕದಲ್ಲಿ ಕನ್ನಡ ಕಲಿತವರು ಬ್ಯಾಂಕಿನ ಮ್ಯಾನೇಜರಿಗೆ ‘ಎಲೈ’ ಎಂದಂತೆ.

ಇನ್ನು ಮುಖ್ಯ ವಿಷಯ, ‘ಕೆನ್ತೋ ಶಿಮಸ್’. ಜಪಾನಿಯರು ‘ಇಲ್ಲ’ ಎನ್ನುವುದಿಲ್ಲ ಎಂಬುದು ಸುಳ್ಳು. ಅಳತೆ ತಪ್ಪಿದ ಭಾಗವನ್ನು ಹಿಡಿದು ‘ದಮೆ ದೆಸ್’, ಆಗುವುದಿಲ್ಲ, ಎಂದು ನೇರವಾಗಿ ಹೇಳುವ ಗುಣಮಟ್ಟ ಪರಿಶೀಲಕರನ್ನು ನೀವೇ ನೋಡಿರುತ್ತೀರಿ. ವಸ್ತುವಿನ ವಿಷಯದಲ್ಲಿ ಅವರು ನಮಗಿಂತ ನೇರ. ಮನುಷ್ಯರ ಕೋರಿಕೆಯನ್ನು ನಿರಾಕರಿಸುವಾಗ ಮಾತ್ರ ಮಾತು ಬಳಸಿ ಬರುತ್ತದೆ. ಇದರಲ್ಲಿ ನಮಗೆ ಹೊಸದೇನಿದೆ? ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು, ಕಾಫಿ ಕುಡಿದು, ‘ಊರಿಗೆ ಹೋಗಿ ಕಾಗದ ಬರೆಯುತ್ತೇವೆ’ ಎಂದು ಎದ್ದರೆ ಒಳಮನೆಯಲ್ಲಿ ನಿಂತ ಅಜ್ಜಿಗೆ ಅಲ್ಲಿಯೇ ಉತ್ತರ ತಿಳಿದುಹೋಗುತ್ತಿತ್ತು. ‘ನೋಡೋಣ’ ಎಂಬ ನಮ್ಮ ಒಂದು ಪದಕ್ಕೆ ಎಷ್ಟು ಅರ್ಥಗಳಿವೆ ಎಂದು ಲೆಕ್ಕ ಹಾಕಿ. ಆ ಅಜ್ಜಿಗಿದ್ದ ಕಿವಿ ನಮಗೆ ಕನ್ನಡದಲ್ಲಿ ಇದ್ದೇ ಇದೆ, ಜಪಾನಿಯಲ್ಲಿ ಅದನ್ನು ಹೊಸದಾಗಿ ಬೆಳೆಸಿಕೊಳ್ಳಬೇಕು.

ನಾನು ದುಭಾಷಿಯಾಗಿದ್ದ ಒಂದು ಸಭೆ ಈಗಲೂ ಕಣ್ಣ ಮುಂದಿದೆ. ಸರಬರಾಜಿನ ಗಡುವನ್ನು ಎರಡು ವಾರ ಮುಂದೂಡಬೇಕೆಂದು ನಮ್ಮ ಕಡೆಯವರು ಕೇಳಿದರು. ಎದುರಿಗಿದ್ದ ಹಿರಿಯರು ಕಾಗದವನ್ನು ನೋಡುತ್ತ, ಹಲ್ಲುಗಳ ನಡುವೆ ‘ಸ್ಸ್’ ಎಂದು ಉಸಿರೆಳೆದು, ತಲೆಯನ್ನು ಒಂದು ಕಡೆ ವಾಲಿಸಿ, ‘ಸೋ ದೆಸ್ ನೇ... ಚೊತ್ತೊ ಮುಜುಕಶೀ ದೆಸ್ ನೇ’ ಎಂದರು. ಪದಶಃ ಅದರ ಅರ್ಥ ‘ಹೌದಲ್ಲವೇ... ಸ್ವಲ್ಪ ಕಷ್ಟ ಅಲ್ಲವೇ’ ಎಂದು. ನಾನು ಆಗಿನ್ನೂ ಹೊಸಬಳು, ಹಾಗೆಯೇ ಪದಶಃ ಹೇಳಿಬಿಟ್ಟೆ. ನಮ್ಮ ಮ್ಯಾನೇಜರು ಉತ್ಸಾಹದಿಂದ, ‘ಕಷ್ಟ ಏನು ಅಂತ ಹೇಳಲಿ, ನಾವು ಸಹಾಯ ಮಾಡ್ತೀವಿ’ ಎಂದರು. ಅದನ್ನು ಜಪಾನಿಗೆ ತರುವಾಗ ಎದುರಿನವರ ಮುಖದಲ್ಲಿ ದಣಿವು ಕಂಡಿತು. ಅವರು ಆಗಲೇ ‘ಇಲ್ಲ’ ಎಂದಾಗಿತ್ತು. ಮತ್ತೊಮ್ಮೆ ಹೇಳುವ ಕಷ್ಟವನ್ನು ನಾವು ಅವರ ಮೇಲೆ ಹೊರಿಸಿದ್ದೆವು. ಅಂದಿನಿಂದ ‘ಮುಜುಕಶೀ’ ಬಂದಾಗಲೆಲ್ಲ ನಾನು ಕನ್ನಡದಲ್ಲಿ ‘ಆಗುವುದಿಲ್ಲ ಎನ್ನುತ್ತಿದ್ದಾರೆ’ ಎಂದೇ ತಿಳಿಸುತ್ತೇನೆ.

ಆದರೆ ‘ಕೆನ್ತೋ’ ಅಷ್ಟು ಸುಲಭವಲ್ಲ, ಏಕೆಂದರೆ ಅದು ಎಲ್ಲ ಸಲವೂ ನಿರಾಕರಣೆಯಲ್ಲ. ಜಪಾನಿನ ಅನೇಕ ಸಾಂಪ್ರದಾಯಿಕ ಕಂಪನಿಗಳಲ್ಲಿ ಮೇಜಿನ ಎದುರು ಕುಳಿತವರಿಗೆ ಅಲ್ಲಿಯೇ ‘ಹೂಂ’ ಎನ್ನುವ ಅಧಿಕಾರ ಇರುವುದಿಲ್ಲ. ಅವರು ವಿಷಯವನ್ನು ಕಚೇರಿಗೆ ಒಯ್ದು, ಸಂಬಂಧಪಟ್ಟ ಒಬ್ಬೊಬ್ಬರೊಡನೆ ಮೊದಲೇ ಮಾತನಾಡಿ ಒಪ್ಪಿಗೆಯ ನೆಲ ಹದಗೊಳಿಸುತ್ತಾರೆ. ಇದಕ್ಕೆ ‘ನೆಮವಶಿ’ ಎಂದು ಹೆಸರು. ಮರವನ್ನು ಬೇರೆಡೆ ನೆಡುವ ಮುನ್ನ ಅದರ ಬೇರಿನ ಸುತ್ತ ಅಗೆದು ಸಿದ್ಧಪಡಿಸುವ ತೋಟಗಾರಿಕೆಯ ಮಾತು ಅದು. ಬಳಿಕ ‘ರಿಂಗಿ’ ಎಂಬ ಪ್ರಸ್ತಾವಪತ್ರ ಒಬ್ಬರ ಮೇಜಿನಿಂದ ಇನ್ನೊಬ್ಬರ ಮೇಜಿಗೆ ಒಪ್ಪಿಗೆಯ ಮುದ್ರೆ ಪಡೆಯುತ್ತ ಮೇಲೇರುತ್ತದೆ. ಇದಕ್ಕೆ ವಾರಗಳೇ ಹಿಡಿಯಬಹುದು. ಹೀಗಾಗಿ ನಿಮ್ಮ ಆರು ವಾರದ ಮೌನಕ್ಕೆ ಎರಡು ಅರ್ಥಗಳಿವೆ. ದರಪಟ್ಟಿ ಮೇಜಿನಿಂದ ಮೇಜಿಗೆ ಹೋಗುತ್ತಿರಬಹುದು, ಇಲ್ಲವೇ ಮೊದಲ ಮೇಜಿನಲ್ಲೇ ಉಳಿದಿರಬಹುದು.

ಎರಡನ್ನೂ ಬೇರ್ಪಡಿಸಲು ನಾನು ಸುತ್ತಲಿನ ಮಾತುಗಳನ್ನು ಗಮನಿಸುತ್ತೇನೆ. ‘ಮೊಚಿಕಾಎತ್ತೆ’, ಅಂದರೆ ಕಚೇರಿಗೆ ಒಯ್ದು, ಎಂದರೇ, ‘ಶನಾಯ್ ದೆ’, ಕಂಪನಿಯೊಳಗೆ, ಎಂದರೇ, ದಿನಾಂಕ ಹೇಳಿದರೇ, ಇನ್ನೊಂದು ದಾಖಲೆ ಕೇಳಿದರೇ, ಹೊಸ ವಿಭಾಗದವರ ಹೆಸರು ಮಾತಿನಲ್ಲಿ ಬಂದಿತೇ? ಹಾಗಿದ್ದರೆ ಪರಿಶೀಲನೆ ನಿಜ. ಇವು ಯಾವುವೂ ಇಲ್ಲದೆ ಬರೀ ‘ಕೆನ್ತೋ’ ಬಂದು, ಮಾತು ಹವಾಮಾನಕ್ಕೋ ಊಟಕ್ಕೋ ಹೊರಳಿದರೆ ಅದು ಊರಿಗೆ ಹೋಗಿ ಕಾಗದ ಬರೆಯುವ ಮಾತು. ಇದು ಅನುಭವದ ಅಂದಾಜು ಮಾತ್ರ, ನಾನೂ ಕೆಲವು ಸಲ ತಪ್ಪಿದ್ದೇನೆ. ಆದ್ದರಿಂದ ಅಂದಾಜನ್ನೇ ನೆಚ್ಚದೆ ಕೇಳಿಬಿಡುವುದು ಮೇಲು: ‘ಇತ್ಸು ಗೊರೊ ಒಹೆನ್ಜಿ ಒ ಇತದಕೆಮಸ್ ದೆಶೋ ಕ’, ಯಾವಾಗ್ಗೆ ಉತ್ತರ ದೊರೆಯಬಹುದು? ಇದನ್ನು ಸಭೆಯ ಕೊನೆಗೆ ಕೇಳುವುದು ಒರಟಲ್ಲ. ದಿನಾಂಕ ಬಂದರೆ ಭರವಸೆ ಇಡಿ. ಬಾರದಿದ್ದರೆ ಮ್ಯಾನೇಜರಿಗೆ ‘ಉತ್ತರ ಬಂದಿಲ್ಲ, ದಿನಾಂಕವೂ ಇಲ್ಲ’ ಎಂದಷ್ಟೇ ವರದಿ ಮಾಡಿ. ನೀವು ಎಡವಿದ್ದು ಇಲ್ಲಿ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆ, ಕೇಳಿದ ಮಾತಿಗೆ ನಿಮ್ಮ ಆಸೆಯನ್ನೂ ಸೇರಿಸಿ ವರದಿ ಕೊಟ್ಟಿರಿ.

‘ಹಾಯ್’ ಪದಕ್ಕೂ ಇದೇ ಎಚ್ಚರ ಬೇಕು. ನಾವು ಕಥೆ ಕೇಳುವಾಗ ಹೂಂಗುಟ್ಟುತ್ತೇವಲ್ಲ, ಅದೇ ಕೆಲಸವನ್ನು ಅವರ ‘ಹಾಯ್’ ಬಹಳ ಸಲ ಮಾಡುತ್ತದೆ. ಅವರು ಇದನ್ನು ‘ಆಯ್ಜುಚಿ’ ಎನ್ನುತ್ತಾರೆ. ಕಮ್ಮಾರಸಾಲೆಯಲ್ಲಿ ಇಬ್ಬರು ಒಬ್ಬರಾದ ಮೇಲೊಬ್ಬರು ಸುತ್ತಿಗೆ ಬೀಸುವುದರಿಂದ ಬಂದ ಪದ. ನೀವು ಬೆಲೆ ಹೇಳುತ್ತಿರುವಾಗ ಅವರು ಹತ್ತು ಸಲ ‘ಹಾಯ್’ ಎಂದರೆ ಹತ್ತು ಸಲ ಕೇಳಿಸಿತು ಎಂದರ್ಥ, ಒಪ್ಪಿದರು ಎಂದಲ್ಲ.

ನಿಮ್ಮ ಮುಂದಿರುವ ದಾರಿಗಳನ್ನು ಈಗ ನೋಡೋಣ. ಇನ್ನೂ ಐನೂರು ವಾಕ್ಯ ಕಲಿಯುವುದು ಮೊದಲನೆಯ ದಾರಿ, ಅದನ್ನು ನಾನು ಒಪ್ಪುವುದಿಲ್ಲ. ಕಾರಣವನ್ನು ಮೇಲೆ ಹೇಳಿದ್ದೇನೆ. ಇರುವ ಐನೂರರಲ್ಲಿ ನಿಮ್ಮ ಕೆಲಸದಲ್ಲಿ ನಿಜವಾಗಿ ಬರುವ ನಲವತ್ತನ್ನು ಆರಿಸಿ, ಪ್ರತಿಯೊಂದರ ಎದುರು ‘ಯಾರು, ಯಾರಿಗೆ, ಯಾವಾಗ’ ಎಂದು ಬರೆದುಕೊಳ್ಳಿ. ಉಚ್ಚಾರಣೆಯನ್ನು ಬರೆದುಕೊಳ್ಳಬೇಕೆನಿಸಿದರೆ ರೋಮನ್ ಲಿಪಿಗಿಂತ ಕನ್ನಡ ಲಿಪಿ ವಾಸಿ. ಹ್ರಸ್ವ-ದೀರ್ಘ ‘ಒ-ಓ’, ‘ಎ-ಏ’ಗಳಿಗೂ ಒತ್ತಕ್ಷರಕ್ಕೂ ನಮ್ಮಲ್ಲಿ ಬೇರೆ ಬೇರೆ ಗುರುತುಗಳಿರುವುದರಿಂದ ‘ಬಿರು’ ಎಂದರೆ ಕಟ್ಟಡ, ‘ಬೀರು’ ಎಂದರೆ ಕುಡಿಯುವ ಬಿಯರ್ ಎಂಬ ಬಗೆಯ ವ್ಯತ್ಯಾಸಗಳು ಕಣ್ಣಿಗೇ ಕಾಣುತ್ತವೆ. ವಾಕ್ಯರಚನೆಯಲ್ಲೂ ಕನ್ನಡ ನಿಮ್ಮ ನೆರವಿಗಿದೆ. ‘ಮಿತೆ ಒಕು’ ನಮ್ಮ ‘ನೋಡಿ ಇಟ್ಟಿರು’, ‘ಯತ್ತೆ ಮಿರು’ ನಮ್ಮ ‘ಮಾಡಿ ನೋಡು’, ‘ಇತ್ತೆ ಕಿಮಸ್’ ನಮ್ಮ ಮನೆಬಾಗಿಲಿನ ‘ಹೋಗಿ ಬರುತ್ತೇನೆ’. ಇಂಗ್ಲಿಷಿನ ಮೂಲಕ ಜಪಾನಿಗೆ ಹೋಗುವವರು ಸುತ್ತುದಾರಿ ಹಿಡಿಯುತ್ತಾರೆ ಎಂದು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತಲೇ ಇರುತ್ತೇನೆ.

ಎರಡನೆಯ ದಾರಿ, ಶುದ್ಧವಾದ ‘ದೆಸ್-ಮಸ್’ ಭಾಷೆಯಲ್ಲೇ ನಿಲ್ಲುವುದು. ನಿಮಗೆ ನಾನು ಸೂಚಿಸುವುದು ಇದನ್ನೇ. ತಪ್ಪು ದಿಕ್ಕಿನ ಕೇಗೊಗಿಂತ ಸರಿಯಾದ ‘ದೆಸ್-ಮಸ್’ ಎಷ್ಟೋ ಗೌರವದ್ದು. ಪತ್ರದಲ್ಲಿ ಅದು ಸ್ವಲ್ಪ ಒಣಗಿದಂತೆ ಕಾಣಬಹುದು, ಇದರ ಅಪಾಯ ಅಷ್ಟೇ. ಅದಕ್ಕೆ ಮೆತ್ತೆಯ ಮಾತುಗಳಿವೆ. ಕೋರಿಕೆಗೆ ಮುನ್ನ ‘ಒಸೊರೆ ಇರಿಮಸ್ ಗ’, ತೊಂದರೆ ಕೊಡುವಾಗ ‘ಒತೆಸೂ ಒ ಒಕಕೆ ಶಿಮಸ್ ಗ’, ಮೊದಲಿಗೆ ‘ಒಸೆವ ನಿ ನತ್ತೆ ಒರಿಮಸ್’, ಕೊನೆಗೆ ‘ಯೊರೊಶಿಕು ಒನೆಗಾಯ್ ಇತಶಿಮಸ್’. ಒಸೆವದ ಪದಶಃ ಅರ್ಥ ‘ತಮ್ಮ ಆರೈಕೆಯಲ್ಲಿದ್ದೇವೆ’ ಎಂದು. ಹಳೆಯ ಕಾಗದಗಳ ‘ಉಭಯ ಕುಶಲೋಪರಿ’ಯನ್ನು ಯಾರೂ ಪದಶಃ ಓದುತ್ತಿರಲಿಲ್ಲ, ಅದಿಲ್ಲದ ಕಾಗದ ಮಾತ್ರ ಬೋಳಾಗಿ ಕಾಣುತ್ತಿತ್ತು. ಇದೂ ಹಾಗೆಯೇ.

ಮೂರನೆಯದು ಇಂಗ್ಲಿಷ್ ಅಥವಾ ದುಭಾಷಿ. ಬೆಲೆ, ಒಪ್ಪಂದ, ದೋಷಪೂರಿತ ಮಾಲಿನ ಹೊಣೆ, ಈ ಮೂರು ವಿಷಯಗಳಲ್ಲಿ ಹಿಂಜರಿಯದೆ ದುಭಾಷಿಯನ್ನು ಕೇಳಿ. ಸಭೆಯ ಹಿಂದಿನ ದಿನವೇ ಕಾಗದಪತ್ರ ಅವರ ಕೈಗೆ ಕೊಡಿ. ಎಲ್ಲಕ್ಕೂ ದುಭಾಷಿಯನ್ನೇ ನೆಚ್ಚಿದರೆ ಕಾರಿಡಾರಿನಲ್ಲಿ, ಊಟದ ಮೇಜಿನಲ್ಲಿ ನಡೆಯುವ ನೆಮವಶಿಯ ಮಾತುಗಳಿಗೆ ನೀವು ಹೊರಗಿನವರಾಗಿಯೇ ಉಳಿಯುತ್ತೀರಿ, ಅದು ಇದರ ಅಪಾಯ. ಅನುವಾದ ಯಂತ್ರಗಳನ್ನು ಓದಲು ಬಳಸಿ, ಬರೆದು ಕಳುಹಿಸಲು ಬಳಸಬೇಡಿ. ಕರ್ತೃಪದವಿಲ್ಲದ ವಾಕ್ಯದಲ್ಲಿ ಯಾರು ಒಳಗು, ಯಾರು ಹೊರಗು ಎಂಬುದು ಯಂತ್ರಕ್ಕೆ ತಿಳಿಯದೆ ಹೋಗಬಹುದು, ಹಾಗಾದಾಗ ಗೌರವದ ದಿಕ್ಕು ತಲೆಕೆಳಗಾಗುತ್ತದೆ. ಗ್ರಾಹಕರು ನಿಮಗೆ ಬರೆದ ಪತ್ರವನ್ನೇ ನಕಲು ಮಾಡಿ ಉತ್ತರಿಸುವುದಕ್ಕೂ ಅದೇ ಅಪಾಯವಿದೆ. ನಿಮ್ಮ ಜಪಾನಿ ಸಹೋದ್ಯೋಗಿ ನಿಮ್ಮ ಕಂಪನಿಯ ಪರವಾಗಿ ಅದೇ ಗ್ರಾಹಕರಿಗೆ ಬರೆದ ಪತ್ರಗಳನ್ನು ಕೇಳಿ ಪಡೆಯಿರಿ, ಅವುಗಳ ದಿಕ್ಕು ನಿಮ್ಮದೇ. ಪರೀಕ್ಷೆಯ ಗುರಿ ಬೇಕಿದ್ದರೆ ಬಿಜೆಟಿ ಎಂಬ ವ್ಯವಹಾರ ಜಪಾನಿ ಪರೀಕ್ಷೆಯಿದೆ. 800 ಅಂಕದ ಅದು ಪಾಸು-ಫೇಲು ಇಲ್ಲದೆ ಮಟ್ಟವನ್ನಷ್ಟೇ ಹೇಳುತ್ತದೆ. ಕೇಳುವುದು, ಓದುವುದು ಮಾತ್ರ ಅದರಲ್ಲಿವೆ, ಎನ್3ರವರಿಗೆ ಕಷ್ಟವೇ. ಹೊರಡುವ ಮುನ್ನ ಬೇಡ, ಅಲ್ಲಿ ಒಂದು ವರ್ಷ ಕಳೆದ ಮೇಲೆ ಬರೆಯಿರಿ.

ಗುಣಮಟ್ಟ ವಿಭಾಗದವರಾದ ನಿಮಗೆ ಒಂದು ವಿಷಯವನ್ನು ಒತ್ತಿ ಹೇಳಬೇಕು. ದೋಷ ಕಂಡಾಗ ನಮ್ಮವರು ಮೊದಲು ಕಾರಣ ಹೇಳಲು ತೊಡಗುತ್ತಾರೆ. ಅವರ ಕಿವಿಗೆ ಅದು ‘ಈಯ್ವಕೆ’, ಅಂದರೆ ನೆಪ. ‘ಗೊಮೇವಕು ಒ ಒಕಕೆ ಶಿತೆ, ಮೋಶಿವಕೆ ಗೊಜಾಯ್ಮಸೆನ್’, ಆದ ತೊಂದರೆಗೆ ಕ್ಷಮೆಯಿರಲಿ, ಎಂಬುದು ಮೊದಲು ಬರಲಿ. ಬಳಿಕ ನಡೆದದ್ದು, ಬಳಿಕ ತತ್‌ಕ್ಷಣದ ತಡೆ, ಆಮೇಲೆ ಮೂಲ ಕಾರಣ, ಕೊನೆಗೆ ಶಾಶ್ವತ ಪರಿಹಾರ. ಮರುಕಳಿಸದಂತೆ ತಡೆಯುವುದನ್ನು ‘ಸಾಯ್ಹತ್ಸು ಬೋಶಿ’ ಎನ್ನುತ್ತಾರೆ, ಅವರು ಕಾದು ಕೂರುವುದು ಆ ಮಾತಿಗೆ. ಸುದ್ದಿ ಕೆಟ್ಟದ್ದಾದಷ್ಟೂ ಬೇಗ ತಿಳಿಸಬೇಕು. ಕಚೇರಿಗಳಲ್ಲಿ ಪದೇ ಪದೇ ಕೇಳಿಬರುವ ‘ಹೋರೆನ್ಸೋ’ ಎಂಬ ಸೂತ್ರ ‘ಹೋಕೊಕು’, ‘ರೆನ್ರಕು’, ‘ಸೋದನ್’, ಅಂದರೆ ವರದಿ, ಸಂಪರ್ಕ, ಸಮಾಲೋಚನೆ, ಈ ಮೂರರ ಮೊದಲ ಅಕ್ಷರಗಳಿಂದ ಆದದ್ದು. ಪಾಲಕ್ ಸೊಪ್ಪಿಗೂ ಅದೇ ಹೆಸರಿರುವುದರಿಂದ ಬಾಯಿಗೆ ಬೇಗ ಹತ್ತಿತು. 1982ರಲ್ಲಿ ಯಮತನೆ ಸೆಕ್ಯುರಿಟೀಸ್ ಕಂಪನಿಯ ಅಧ್ಯಕ್ಷರಾಗಿದ್ದ ಯಮಜಕಿ ತೊಮಿಜಿ ಅದನ್ನು ತಮ್ಮ ಸಂಸ್ಥೆಯಲ್ಲಿ ಬಳಕೆಗೆ ತಂದರು.

ನಲವತ್ತು ವಾಕ್ಯಗಳಲ್ಲಿ ಒಂದನ್ನೇ ಉಳಿಸಿಕೊಳ್ಳಿ ಎಂದರೆ ನಾನು ಉಳಿಸಿಕೊಳ್ಳುವುದು ‘...ತೊ ಇಯು ರಿಕಾಯ್ ದೆ ಯೊರೊಶೀ ದೆಶೋ ಕ’ ಎಂಬುದನ್ನು. ‘...ಎಂಬ ತಿಳಿವಳಿಕೆ ಸರಿಯೇ?’ ಎಂದು ಕನ್ನಡದ ಪದಕ್ರಮದಲ್ಲಿಯೇ ಅದು ಕೂರುತ್ತದೆ. ಕೇಳಿದ್ದನ್ನು ನಿಮ್ಮ ಸರಳ ಜಪಾನಿಯಲ್ಲಿ ಹೇಳಿ, ಕೊನೆಗೆ ಇದನ್ನು ಜೋಡಿಸಿ. ದಿನಾಂಕ, ಸಂಖ್ಯೆ, ಯಾರು ಮಾಡಬೇಕು ಎಂಬ ಮೂರನ್ನು ಪ್ರತಿ ಸಭೆಯ ಕೊನೆಯಲ್ಲಿ ಹೀಗೆ ಕೇಳಿ, ಅಂದೇ ಬರಹದಲ್ಲಿಯೂ ಕಳುಹಿಸಿ.

ಬಾಕಿ ಉಳಿದಿರುವುದು ಆ ದರಪಟ್ಟಿ. ಮೊದಲು ಮ್ಯಾನೇಜರಿಗೆ ‘ಖಚಿತ ಎಂದು ನಾನು ಹೇಳಿದ್ದು ಆತುರವಾಯಿತು, ಅವರು ಪರಿಶೀಲಿಸುತ್ತೇವೆ ಎಂದಷ್ಟೇ ಹೇಳಿದ್ದರು’ ಎಂದು ಈ ವಾರವೇ ತಿಳಿಸಿಬಿಡಿ. ಬಳಿಕ ಅವರ ಒಪ್ಪಿಗೆ ಪಡೆದು ಗ್ರಾಹಕರಿಗೆ ನಾಲ್ಕು ಸಾಲು ಬರೆಯಿರಿ. ‘ಇತ್ಸುಮೊ ಒಸೆವ ನಿ ನತ್ತೆ ಒರಿಮಸ್. ಸೆನ್ಜಿತ್ಸು ನೊ ಒಮಿತ್ಸುಮೊರಿ ನಿ ತ್ಸುಯಿತೆ, ಸೊನೊ ಗೊ ನೊ ಗೊಜೋಕ್ಯೋ ವ ಇಕಗ ದೆಶೋ ಕ. ತರಿನಾಯ್ ಶಿರ‍್ಯೋ ಗ ಗೊಜಾಯ್ಮಶಿತರ, ಒಶಿರಸೆ ಕುದಸಾಯ್. ಯೊರೊಶಿಕು ಒನೆಗಾಯ್ ಇತಶಿಮಸ್.’ ಹಿಂದೆ ಕೊಟ್ಟ ದರಪಟ್ಟಿ ಎಲ್ಲಿಗೆ ಬಂದಿದೆ, ಇನ್ನೇನಾದರೂ ದಾಖಲೆ ಬೇಕಿದ್ದರೆ ತಿಳಿಸಿ ಎಂಬುದಷ್ಟೇ ಇದರ ಹುರುಳು. ಪರಿಶೀಲನೆ ನಡೆದಿದ್ದರೆ ಅವರು ದಾಖಲೆಯನ್ನೋ ದಿನಾಂಕವನ್ನೋ ಕೇಳಿ ಬರೆಯುತ್ತಾರೆ. ನಡೆದಿಲ್ಲದಿದ್ದರೆ ‘ಕೊಂಕಾಯ್ ವ’, ಈ ಬಾರಿ, ಎಂದು ಆರಂಭವಾಗುವ ಸೌಜನ್ಯದ ಪತ್ರ ಬರಬಹುದು. ಆ ಎರಡು ಪದಗಳನ್ನು ಕಂಡೊಡನೆ ಮುಂದಿನದನ್ನು ನಿರಾಕರಣೆ ಎಂದೇ ಓದಿಕೊಳ್ಳಿ, ಮತ್ತೆ ಒತ್ತಾಯಿಸಬೇಡಿ. ಪತ್ರ ಕಳುಹಿಸುವ ಮುನ್ನ ನಿಮ್ಮ ಜಪಾನಿ ಸಹೋದ್ಯೋಗಿಗೆ ಒಮ್ಮೆ ತೋರಿಸಿ. ತಪ್ಪನ್ನು ಎದುರಿಗೇ ತಿದ್ದುವಷ್ಟು ವಿಶ್ವಾಸ ಅವರಿಗೆ ನಿಮ್ಮ ಮೇಲಿದೆ, ಹೀಗೆ ಕೇಳುವುದನ್ನೇ ಅವರು ಸೋದನ್ ಎನ್ನುವುದು.